ಕುಶಾಲಪ್ಪ ಮಾಸ್ಟ್ರಿಗೆ ನಾನು ಬರೆದ ಕಾಗದ

ಕುಶಾಲಪ್ಪ ಮಾಸ್ಟ್ರು ನಮಗೆ ಬೆನ್ನು ಹಾಕಿ ನಿಂತು ಪಾಠ ಮಾಡುತ್ತಿದ್ದರು. ಪುತ್ತೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಜವಳಿ ಅಂಗಡಿಯೊಂದರ ಮಾಳಿಗೆಯ ಮೇಲೆ, ನಾಲ್ಕು ಟೈಪ್‌ರೈಟರುಗಳ ಕೋಣೆ ಅದು. ಅವರು ಕೈ ಹಿಂದೆ ಕಟ್ಟಿಕೊಂಡು ಕಿಟಕಿಯ ಹತ್ತಿರ ನಿಂತು ಕೆಳಗೆ ಹೋಗಿಬರುವವರನ್ನು ನೋಡುತ್ತಿದ್ದರು. ನಾವು ನಾಲ್ವರು ಒಟ್ಟಿಗೆ ಟೈಪ್ ಹೊಡೆಯುವಾಗ ಏಳುವ ಗದ್ದಲದ ನಡುವೆ, ತಿರುಗಿ ನೋಡದೆಯೇ ಹೇಳುತ್ತಿದ್ದರು: "ಮೂರನೇ ಮೆಶಿನ್, ಕಿರುಬೆರಳು ಮಲಗಿದೆ. ಏಳಿಸು."

ಮೂರನೇ ಮೆಶಿನ್ ನನ್ನದು. ನರಿಮೊಗರಿನಿಂದ ನಡೆದು ಬರುತ್ತಿದ್ದ ನನಗೆ ಆಗ ಹತ್ತೊಂಬತ್ತು ವರ್ಷ. ಐವತ್ತರ ದಶಕದ ನಡುಭಾಗ. ಎಸ್ಸೆಸ್ಸೆಲ್ಸಿ ಮುಗಿಸಿದವನಿಗೆ ಟೈಪಿಂಗ್ ಬಂದರೆ ಬೊಂಬಾಯಿ, ಬಾರದಿದ್ದರೆ ಊರು ಎಂದು ನಾವೆಲ್ಲ ನಂಬಿದ್ದ ಕಾಲ.

ಮಾಸ್ಟ್ರು ಬೊಂಬಾಯಿ ಬಿಟ್ಟು ಬಂದವರು. ಗುತ್ತಿಗಾರು ಕಡೆಯ, ಅರೆಭಾಷೆ ಮಾತಾಡುವ ಮನೆತನದವರು. ಬಂದರಿನ ಹತ್ತಿರದ ಹಡಗು ಏಜೆನ್ಸಿಯೊಂದರಲ್ಲಿ ಎಂಟು ವರ್ಷ ಸ್ಟೆನೋ ಆಗಿದ್ದವರು ಒಂದು ದಿನ ಹೆಂಡತಿ ದೇವಕಿಯಕ್ಕನನ್ನೂ ಪುಟ್ಟ ಮಗಳು ಸರೋಜಳನ್ನೂ ಕರೆದುಕೊಂಡು ವಾಪಸು ಬಂದು ಪುತ್ತೂರಿನಲ್ಲಿ ಬಾಡಿಗೆ ಮನೆ ಹಿಡಿದರು. ಅಷ್ಟು ದೊಡ್ಡ ಕೆಲಸವನ್ನು ಯಾರಾದರೂ ಸುಮ್ಮನೆ ಬಿಡುತ್ತಾರೆಯೇ? ಅಲ್ಲಿ ಏನೋ ಎಡವಟ್ಟು ಮಾಡಿಕೊಂಡು ಬಂದಿದ್ದಾನೆ ಎಂದು ಊರು ತೀರ್ಮಾನಿಸಿತ್ತು. ಆ ಮಾತು ಅವರ ಕಿವಿಗೂ ಬಿದ್ದಿತ್ತು. ಅವರು ಅದನ್ನು ತಿದ್ದಲು ಹೋಗಲಿಲ್ಲ.

ಸಂಜೆ ಐದೂವರೆಗೆ ಕ್ಲಾಸು ಮುಗಿಯುತ್ತಿತ್ತು. ಐದೂವರೆ ಎಂದರೆ ಐದೂವರೆ. ಮೆಶಿನುಗಳಿಗೆ ಮುಸುಕು ಹಾಕಿ, ಬಾಗಿಲಿಗೆ ಬೀಗ ಜಡಿದು ಮಾಸ್ಟ್ರು ಇಳಿಯುವಾಗ ದೇವಕಿಯಕ್ಕ ಮಗಳ ಕೈ ಹಿಡಿದು ಓಣಿಯ ತುದಿಯಲ್ಲಿ ನಿಂತಿರುತ್ತಿದ್ದರು. ಮೂವರೂ ಬೀರಮಲೆ ಗುಡ್ಡದ ಕಡೆ ತಿರುಗಾಡಲು ಹೋಗುವರು. ಹೆಂಡತಿಯೊಟ್ಟಿಗೆ ಹೀಗೆ ದಿನಾ ತಿರುಗಾಡುವ ಗಂಡಸು ಆಗ ಪುತ್ತೂರಿನಲ್ಲಿ ಇನ್ನೊಬ್ಬನಿರಲಿಲ್ಲ. ಒಮ್ಮೆ ಕೆದಂಬಾಡಿಯ ದೊಡ್ಡ ಜಮೀನ್ದಾರರೊಬ್ಬರು ಬೀಗ ಹಾಕುವ ಹೊತ್ತಿಗೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಕೋರ್ಟಿನ ಕಾಗದ.

"ಮಾಸ್ಟ್ರೇ, ಇದೊಂದು ಟೈಪ್ ಮಾಡಿ ಕೊಡಿ. ಅರ್ಜೆಂಟುಂಟು."

"ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ, ನಿಮಗಾಗಿ ಬೇಗ ತೆಗೀತೇನೆ. ಈಗ ಪುರುಸೊತ್ತಿಲ್ಲ."

"ಈಗ ಎಂತ ಕೆಲಸ ಉಂಟು ಮಾರಾಯ್ರೆ ನಿಮಗೆ?"

"ತಿರುಗಾಡ್ಲಿಕ್ಕೆ ಉಂಟು" ಎಂದು ಮಾಸ್ಟ್ರು ಕೊಡೆ ಹಿಡಿದು ಇಳಿದೇ ಬಿಟ್ಟರು. ಜಮೀನ್ದಾರರು ನನ್ನ ಮುಖ ನೋಡಿದರು. ನಾನು ನಗು ತಡೆದುಕೊಂಡು ಗೋಡೆ ನೋಡಿದೆ.

ಪರೀಕ್ಷೆ ಪಾಸಾಗಿ ಬೊಂಬಾಯಿಗೆ ಹೊರಡುವೆನೆಂದು ಹೇಳಲು ಹೋದ ದಿನ ನಾನು ಧೈರ್ಯ ಮಾಡಿ ಕೇಳಿದೆ, ನೀವೇಕೆ ಬಿಟ್ಟು ಬಂದಿರಿ ಎಂದು. ಅವರು ಮೆಶಿನಿನ ರಿಬ್ಬನ್ ಸುತ್ತುತ್ತಾ ಹೇಳಿದರು:

"ನಮ್ಮ ಚಾಳಿನಲ್ಲಿ ಎದುರು ಬಾಗಿಲಲ್ಲಿ ಒಬ್ಬ ಇದ್ದ. ನಾಲ್ಕು ವರ್ಷ. ಬೆಳಿಗ್ಗೆ ನಾನು ಇಳಿವಾಗ ಅವನೂ ಇಳೀತಿದ್ದ, ಇಬ್ಬರಿಗೂ ಟ್ರೈನಿನ ಗಡಿಬಿಡಿ. ತಲೆ ಅಲ್ಲಾಡಿಸುದು, ಓಡುದು. ಒಂದು ದಿನ ಅವ ತೀರಿಹೋದ. ಟೈಪ್ ಬರುವವ ಅಂತ ಅವನ ಸಾವಿನ ಕಾಗದಪತ್ರ ನನ್ನ ಹತ್ರ ತಂದ್ರು. ಹೆಸರು ಹಾಕಿದೆ. ಊರು ಅಂತ ಉಂಟಲ್ಲ, ಅಲ್ಲಿಗೆ ಬಂದಾಗ ಕೈ ನಿಂತಿತು. ಯಾರಿಗೂ ಗೊತ್ತಿಲ್ಲ. ಮೂವತ್ತು ಮನೆ ಉಂಟು ಆ ಮಹಡಿಯಲ್ಲಿ. ಒಬ್ಬನಿಗೂ ಗೊತ್ತಿಲ್ಲ. ಆ ಜಾಗ ಖಾಲಿ ಬಿಟ್ಟು ಕೊಟ್ಟೆ. ಮರುವಾರ ನಾನು ರಾಜೀನಾಮೆ ಕೊಟ್ಟೆ, ಶೀನ. ಸಂಬಳ ಚೆನ್ನಾಗಿತ್ತು. ಕೆಲಸವೂ ಚೆನ್ನಾಗಿತ್ತು. ಆದರೆ ಅಲ್ಲಿ ನಮಗೆ ಅಂತ ಒಂದು ಸಂಜೆ ಇರ್ಲಿಲ್ಲ."

"ಹಾಗಾದರೆ ನಾನು ಹೋಗಬಾರದಾ?"

"ಹಾಗೆ ನಾನು ಹೇಳುದಿಲ್ಲ. ನಿನ್ನ ಬದುಕು ನಿಂದು. ಕೆಲಸ ಎಷ್ಟು ದೊಡ್ಡದು ಅಂತ ಎಲ್ಲರೂ ಕೇಳ್ತಾರೆ. ನೀನು ಅಲ್ಲಿ ಯಾರೊಟ್ಟಿಗೆ ಕೂತು ಉಣ್ತೀ ಅಂತಲೂ ಕೇಳ್ಕೋ, ಅಷ್ಟೆ."

ಮತ್ತೆ ಮೊದಲನೇ ಮೆಶಿನಿನಲ್ಲಿ ಕೂತು, ತಮ್ಮ ಹಳೆಯ ಆಫೀಸಿನ ಹೆಡ್ ಕ್ಲಾರ್ಕ್ ಪಿಂಟೋ ಅವರಿಗೆ ನನ್ನ ಬಗ್ಗೆ ಶಿಫಾರಸು ಟೈಪ್ ಮಾಡಿ ಕೊಟ್ಟರು. ಆ ಒಂದು ಕಾಗದದ ಮೇಲೆ ನನಗೆ ಕೆಲಸ ಸಿಕ್ಕಿತು. ಪಿಂಟೋ ಮಂಗಳೂರಿನ ಕಡೆಯವರು. ಕಾಗದ ಓದಿ, "ಕುಶಾಲಪ್ಪನ ಶಿಷ್ಯನಾ? ಕೂತ್ಕೋ" ಎಂದರು. ಬೇರೆ ಪ್ರಶ್ನೆ ಕೇಳಲೇ ಇಲ್ಲ.

ಬೊಂಬಾಯಿಯಲ್ಲಿ ನಾನು ಐದು ವರ್ಷ ಎಂಟು ಜನರ ಕೋಣೆಯಲ್ಲಿದ್ದೆ. ನಡುವೆ ಊರಿಗೆ ಬಂದು ಮದುವೆಯಾದೆ. ಹೆಂಡತಿ ಕಮಲಳನ್ನು ನರಿಮೊಗರಿನಲ್ಲಿ ಅಮ್ಮನ ಹತ್ತಿರ ಬಿಟ್ಟು ಹಿಂದಿರುಗಬೇಕಾಯಿತು, ಎಂಟು ಗಂಡಸರ ಕೋಣೆಗೆ ಕರೆದುಕೊಂಡು ಹೋಗುವುದು ಹೇಗೆ? ಎರಡು ವರ್ಷದಲ್ಲಿ ನಾವು ಜೊತೆಗಿದ್ದದ್ದು ಒಂದೂವರೆ ತಿಂಗಳು. ಅವಳ ಕಾಗದಗಳಲ್ಲಿ ದೂರು ಇರುತ್ತಿರಲಿಲ್ಲ, ಹವೆ ಹೇಗಿದೆ ಎಂಬುದು ಮಾತ್ರ ಇರುತ್ತಿತ್ತು. ಅದನ್ನು ಓದುವುದು ನನಗೆ ಇನ್ನೂ ಕಷ್ಟವಾಗುತ್ತಿತ್ತು.

ಆಗ ಒಂದು ದಿನ ಪಿಂಟೋ ನನ್ನನ್ನು ಕರೆದರು. ದೊಡ್ಡ ಸಾಹೇಬರಿಗೆ ಹಿರಿಯ ಸ್ಟೆನೋ ಬೇಕಾಗಿತ್ತು. ಹುದ್ದೆಯ ಜೊತೆಗೆ ಚೆಂಬೂರಿನ ಕಡೆ ಕಂಪೆನಿಯದೇ ಕ್ವಾರ್ಟರ್ಸು. ಎರಡು ಕೋಣೆ, ಒಳಗೇ ನಳ್ಳಿ, ಮುಂದೆ ಒಂದಿಷ್ಟು ಅಂಗಳ. ಸಂಜೆ ಐದಕ್ಕೆ ಹೊರಡುವ ಕಂಪೆನಿಯ ಬಸ್ಸು ಮನೆಯವರೆಗೆ ಬಿಡುತ್ತದೆ.

"ನನ್ನ ಮನಸ್ಸಿನಲ್ಲಿ ಇರುದು ಕುಶಾಲಪ್ಪ" ಎಂದರು ಪಿಂಟೋ. "ಈಗ ಬಂದ್ರೆ ಅವನಿಗೆ ಮೊದಲಿನ ಕಷ್ಟ ಇಲ್ಲ. ನೀನು ಬರೆದು ಕೇಳು, ನಿನ್ನ ಮಾತಾದ್ರೆ ಕೇಳಿಯಾನು. ಅವ ಬರುದಿಲ್ಲ ಅಂದ್ರೆ ಮತ್ತೆ ನೀನೇ."

ಬರೆಯುತ್ತೇನೆ ಎಂದು ಹೇಳಿ ಬಂದೆ. ನಾಳೆ ಬರೆದರಾಯಿತು ಎಂದು ನಾಲ್ಕು ದಿನ ಕಳೆದೆ. ಐದನೆಯ ದಿನ ಮಾಸ್ಟ್ರದೇ ಕಾಗದ ಬಂತು.

ಪುತ್ತೂರಿನಲ್ಲಿ ಹೊಸ ಇನ್‌ಸ್ಟಿಟ್ಯೂಟ್ ಒಂದು ಹತ್ತು ಹೊಸ ಮೆಶಿನುಗಳೊಂದಿಗೆ ತೆರೆದಿತ್ತು. ಮಾಸ್ಟ್ರ ಹತ್ತಿರ ಉಳಿದವರು ಇಬ್ಬರೇ ವಿದ್ಯಾರ್ಥಿಗಳು. ಅವರು ಬರೆದಿದ್ದರು: "ಸರೋಜಳಿಗೆ ನರ್ಸಿಂಗ್ ಕಲಿಯುವ ಆಸೆ. ಅಲ್ಲಿಯಾದರೆ ಕಲಿಸಬಹುದಿತ್ತು ಎಂದು ದೇವಕಿ ಹೇಳುತ್ತಾಳೆ. ನನಗೆ ಬೊಂಬಾಯಿ ಬೇಡವೆಂದು ನಿನ್ನ ಹತ್ತಿರ ದೊಡ್ಡದಾಗಿ ಹೇಳಿದವನು ನಾನೇ, ಈಗ ಹೀಗೆ ಕೇಳಲು ನಾಚಿಕೆಯಾಗುತ್ತದೆ. ನನಗಾಗಿ ಪಿಂಟೋಗೆ ಬರೆಯಲು ಮುಖವಿಲ್ಲ, ಅವರು ಅಷ್ಟು ಹೇಳಿದರೂ ಕೇಳದೆ ಬಿಟ್ಟು ಬಂದವನು. ಅಲ್ಲಿ ಈಗ ಹೇಗಿದೆ, ಸಂಸಾರ ಕಟ್ಟಿಕೊಂಡು ಬರಬಹುದೇ, ಇದ್ದದ್ದು ಇದ್ದ ಹಾಗೆ ಬರೆ. ನೀನು ಹೇಳಿದಂತೆ ಮಾಡುತ್ತೇನೆ."

ಆ ಕಾಗದ ಕಿಸೆಯಲ್ಲಿಟ್ಟುಕೊಂಡು ಎರಡು ದಿನ ಓಡಾಡಿದೆ. ಮೂರನೆಯ ದಿನ ಭಾನುವಾರ. ಕೋಣೆಯವರೆಲ್ಲ ಹೊರಗೆ ಹೋಗಿದ್ದರು. ಟ್ರಂಕಿನ ಮೇಲೆ ಕಾಗದ ಇಟ್ಟುಕೊಂಡು ಉತ್ತರ ಬರೆದೆ. ಎಂಟು ಜನರ ಕೋಣೆಯ ಬಗ್ಗೆ ಬರೆದೆ. ನಳ್ಳಿಯ ಮುಂದಿನ ಸಾಲಿನ ಬಗ್ಗೆ, ಟ್ರೈನಿನ ಬಾಗಿಲಲ್ಲಿ ನೇತಾಡುವ ಬಗ್ಗೆ, ಮದುವೆಯಾದ ಹೆಂಡತಿಯನ್ನು ಕರೆಸಿಕೊಳ್ಳಲಾಗದ ಬಗ್ಗೆ ಬರೆದೆ. "ನೀವು ಹೇಳಿದ್ದೇ ಸರಿ, ಇಲ್ಲಿ ಮನುಷ್ಯನಿಗೆ ಸಂಜೆ ಎಂಬುದಿಲ್ಲ" ಎಂದು ಅವರ ಮಾತನ್ನೇ ಅವರಿಗೆ ಬರೆದೆ. ಕಾಗದದಲ್ಲಿ ಒಂದೂ ಸುಳ್ಳು ವಾಕ್ಯವಿರಲಿಲ್ಲ. ಖಾಲಿಯಿದ್ದ ಹುದ್ದೆಯನ್ನೂ ಕ್ವಾರ್ಟರ್ಸನ್ನೂ ಬಿಟ್ಟು ಉಳಿದದ್ದೆಲ್ಲ ಇತ್ತು.

ಸೋಮವಾರ ಪಿಂಟೋಗೆ ಹೇಳಿದೆ, "ಅವರು ಬರುದಿಲ್ಲವಂತೆ."

"ಹಟದ ಮನುಷ್ಯ" ಎಂದು ಪಿಂಟೋ ಬೇಸರದಿಂದ ತಲೆಯಾಡಿಸಿದರು.

ಆ ಮಳೆಗಾಲ ಕಳೆದು ಕಮಲ ಚೆಂಬೂರಿನ ಮನೆಗೆ ಬಂದಳು. ಅಂಗಳದಲ್ಲಿ ಬಸಳೆಯ ಚಪ್ಪರ ಹಾಕಿದಳು. ಸಂಜೆ ಆರು ಗಂಟೆಗೆ ನಾನು ಬಸ್ಸಿನಿಂದ ಇಳಿದರೆ ಅವಳು ಬಾಗಿಲಲ್ಲಿರುತ್ತಿದ್ದಳು. "ನಮಗೆ ಇಷ್ಟು ಒಳ್ಳೆ ಮನೆ ಸಿಗ್ತದೆ ಅಂತ ನಾನು ಎಣಿಸಿರ್ಲಿಲ್ಲ" ಎಂದು ಅವಳು ಆಗಾಗ ಹೇಳುವಳು. ಅವಳಿಗೂ ನಾನು ಹೇಳಿಲ್ಲ.

ಮತ್ತೆ ನಾಲ್ಕು ವರ್ಷ ಮಾಸ್ಟ್ರ ಮನೆಯ ಕಡೆ ಹೋಗಲಿಲ್ಲ. ರಜೆಯಲ್ಲಿ ಊರಿಗೆ ಬಂದರೂ ಪುತ್ತೂರಿನ ಆ ಓಣಿಯನ್ನು ತಪ್ಪಿಸಿ ಸುತ್ತುಹಾಕಿ ನಡೆಯುತ್ತಿದ್ದೆ. ಒಮ್ಮೆ ದೇವಕಿಯಕ್ಕನೇ ಬಸ್ ಸ್ಟ್ಯಾಂಡಿನಲ್ಲಿ ಹಿಡಿದರು. "ಎಂತ ಶೀನ, ದೊಡ್ಡವನಾದಿಯಾ? ಆದಿತ್ಯವಾರ ಬಾ, ಅವರು ಇರ್ತಾರೆ. ಉಳಿದ ದಿನ ಕಡಬದಲ್ಲಿ."

ಮಾಸ್ಟ್ರು ಕ್ಲಾಸು ಮುಚ್ಚಿ, ಕಡಬದ ಒಂದು ಮರದ ಡಿಪೋದಲ್ಲಿ ದಿಮ್ಮಿಗಳ ಅಳತೆ ಬರೆದುಕೊಳ್ಳುವ ಕೆಲಸಕ್ಕೆ ಸೇರಿದ್ದರು. ಡಿಪೋದ ಶೆಡ್ಡಿನಲ್ಲೇ ವಾಸ. ಶನಿವಾರ ಕತ್ತಲಾದ ಮೇಲೆ ಪುತ್ತೂರು ತಲುಪಿ, ಆದಿತ್ಯವಾರ ನಾಲ್ಕೂವರೆಯ ಬಸ್ಸಿಗೆ ಹಿಂದಿರುಗಬೇಕಿತ್ತು. ಆ ಆದಿತ್ಯವಾರ ನಾನು ಹೋದಾಗ ಸರೋಜ ಚಾವಡಿಯಲ್ಲಿ ಹೊಲಿಗೆ ಮೆಶಿನ್ ಇಟ್ಟುಕೊಂಡು ನೆರೆಕರೆಯವರ ರವಿಕೆ ಹೊಲಿಯುತ್ತಿದ್ದಳು. ಇಪ್ಪತ್ತು ವರ್ಷದ ಹುಡುಗಿ. ನರ್ಸಿನ ಮಾತು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಮಾಸ್ಟ್ರು ಸೊರಗಿದ್ದರು. ಬಿಸಿಲಿನಲ್ಲಿ ನಿಂತು ನಿಂತು ಮುಖ ಕಪ್ಪಾಗಿತ್ತು. ನನ್ನನ್ನು ಕಂಡು ಎದ್ದು ನಿಂತರು. ಅವರು ನನಗಾಗಿ ಎದ್ದು ನಿಂತದ್ದನ್ನು ನೋಡಲು ನನ್ನಿಂದಾಗಲಿಲ್ಲ. ಪಕ್ಕದ ಮನೆಯವರೊಬ್ಬರು ಮಗನನ್ನು ಬೊಂಬಾಯಿಗೆ ಕಳಿಸುವ ವಿಚಾರ ಮಾತಾಡಲು ಬಂದು ಕೂತಿದ್ದರು. ಮಾಸ್ಟ್ರು ಅವರಿಗೆ ಹೇಳಿದರು:

"ಇವ ನನ್ನ ಶಿಷ್ಯ. ನಾನು ಒಮ್ಮೆ ಬುದ್ಧಿ ಕೆಟ್ಟು ಪುನಃ ಬೊಂಬಾಯಿಗೆ ಹೊರಟಿದ್ದೆ. ಬೇರೆ ಯಾರಾದ್ರೂ ಆದ್ರೆ ಬನ್ನಿ ಬನ್ನಿ ಅಂತಿದ್ರು. ಇವ ಇದ್ದದ್ದು ಇದ್ದ ಹಾಗೆ ಬರೆದ. ಸರೋಜಾ, ಆ ಕಾಗದ ತಾ."

ಅವಳು ಪೆಟ್ಟಿಗೆಯಿಂದ ತಂದಳು. ಮಡಿಕೆಗಳಲ್ಲಿ ಹರಿಯಲು ಬಂದಿತ್ತು, ಎಷ್ಟೋ ಜನರಿಗೆ ಓದಿ ಹೇಳಿದ್ದರಂತೆ. ನನ್ನ ಮುಂದೆಯೇ ಗಟ್ಟಿಯಾಗಿ ಓದಿದರು. ಎಂಟು ಜನರ ಕೋಣೆ, ನಳ್ಳಿಯ ಸಾಲು, ಟ್ರೈನಿನ ಬಾಗಿಲು. ಓದಿ ಮುಗಿಸಿ, "ಇದ್ರಲ್ಲಿ ಒಂದು ಮಾತು ಸುಳ್ಳಿಲ್ಲ, ನಾನು ಕಂಡವನಲ್ವಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಈಗಲೂ ಅದೇ ಕೋಣೆಯಾ?" ಎಂದು ಕೇಳಿದರು.

"ಹೆಚ್ಚುಕಡಿಮೆ ಹಾಗೇ" ಎಂದೆ.

"ಪಾಪ. ಹೆಂಡತಿಯನ್ನು ಕರಕೊಂಡು ಹೋಗ್ಲಿಕ್ಕೆ ಏನಾದ್ರೂ ದಾರಿ ಮಾಡು ಮಾರಾಯ" ಎಂದರು.

ದೇವಕಿಯಕ್ಕ ಅವರ ಬುತ್ತಿ ಕಟ್ಟಿದರು. ನಾಲ್ಕು ಗಂಟೆಗೆ ಎಲ್ಲರೂ ಎದ್ದೆವು. ಸರೋಜಳೂ ನಾನೂ ಅವರನ್ನು ಬಸ್ಸು ಹತ್ತಿಸಲು ಹೋದೆವು. ಸೀಟು ಸಿಗಲಿಲ್ಲ. ಮೇಲಿನ ಕಂಬಿ ಹಿಡಿದು ನಿಂತವರು ಬಗ್ಗಿ ಕಿಟಕಿಯಿಂದ ನಮ್ಮನ್ನು ನೋಡಿ, ಕೈ ಬೀಸಲು ಜಾಗವಿಲ್ಲದೆ ತಲೆ ಅಲ್ಲಾಡಿಸಿದರು. ಅವರನ್ನು ನಾನು ನೋಡಿದ್ದು ಅದೇ ಕೊನೆ. ಮರುವರ್ಷ ಕಡಬದಲ್ಲೇ ಜ್ವರ ಬಂದು ತೀರಿಕೊಂಡರು. ಸುದ್ದಿ ತಿಳಿದು ದೇವಕಿಯಕ್ಕ ಅಲ್ಲಿಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ಆದಿತ್ಯವಾರ ಬಸ್ಸು ಹೋದ ಮೇಲೆ ಸರೋಜ ಅಲ್ಲಿಯೇ ನಿಂತಳು.

"ಶೀನಣ್ಣ, ಒಂದು ಕೇಳ್ತೇನೆ, ಬೇಜಾರು ಮಾಡ್ಬಾರ್ದು. ಆ ವರ್ಷ ನಿಮ್ಮ ಆಫೀಸಲ್ಲಿ ಅಪ್ಪನಿಗೆ ಆಗುವಂಥ ಕೆಲಸ ಯಾವುದೂ ಇರ್ಲಿಲ್ವಾ?"

ಹೇಳುವುದಕ್ಕೆ ನನಗೆ ಸಿಕ್ಕಿದ ಹೊತ್ತು ಅದೊಂದೇ. ಬಸ್ಸು ಇನ್ನೂ ತಿರುವಿನಲ್ಲಿತ್ತು.

"ಇರ್ಲಿಲ್ಲ" ಎಂದೆ.

"ಅಪ್ಪನೂ ಹಾಗೇ ಹೇಳುದು" ಎಂದಳು ಅವಳು. "ಇದ್ದಿದ್ರೆ ಶೀನ ಬರೀದೆ ಇರ್ತಿದ್ನಾ ಅಂತ."

ಅವಳು ಪುತ್ತೂರಿನಲ್ಲೇ ಇದ್ದಾಳೆ. ಮನೆಯ ವಿಳಾಸ ನನಗೆ ಗೊತ್ತು. ಎಷ್ಟೋ ಸಲ ಕಾಗದ ತೆಗೆದು ಅವಳ ಹೆಸರು ಬರೆದಿದ್ದೇನೆ. ಅದರ ಕೆಳಗಿನ ಸಾಲು ಈವರೆಗೆ ಬರೆದಿಲ್ಲ.