ಗೋಡೆಯಿಲ್ಲದ ಅಂಕಣ

ಶಾಲೆಯ ಮೈದಾನ ಎಲ್ಲರದ್ದು ಎಂದು ಯಾರಾದರೂ ಭಾಷಣ ಬಿಗಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಕೋಣಂದೂರಿನ ಕಡೆಯ ಪ್ರೌಢಶಾಲೆಯೊಂದಕ್ಕೆ ನಾನು ದೈಹಿಕ ಶಿಕ್ಷಕಿಯಾಗಿ ಹೋದಾಗ ಮೈದಾನದ ನಡುಭಾಗವೆಲ್ಲ ಹುಡುಗರ ಕ್ರಿಕೆಟ್ಟಿಗೆ ಮೀಸಲು. ಹುಡುಗಿಯರು ಕಾಂಪೌಂಡಿಗೆ ಒರಗಿ ಕೂತು, ಉರುಳಿ ಬಂದ ಚೆಂಡು ಎತ್ತಿ ಕೊಡುತ್ತಿದ್ದರು. ಅದೇ ಅವರ ಆಟದ ಪೀರಿಯಡ್ಡು.

ಅವರಲ್ಲಿ ಒಂಬತ್ತನೆಯ ತರಗತಿಯವಳೊಬ್ಬಳು ತೀರ್ಥಹಳ್ಳಿಯ ತಾಲ್ಲೂಕು ಪಂದ್ಯದಲ್ಲಿ ಕಬಡ್ಡಿ ಆಡಿಯೇ ತೀರುತ್ತೇನೆಂದು ಹಟ ಹಿಡಿದು ತಂಡವನ್ನೂ ಕಟ್ಟಿದಳು. ಅಭ್ಯಾಸಕ್ಕೆ ಅಂಕಣವೇ ಇಲ್ಲ. ಕೇಳಿದಾಗಲೆಲ್ಲ ಹೆಡ್‌ಮಾಸ್ಟರು, "ಮೂಲೇಲಿ ಎಲ್ಲಾದ್ರೂ ಆಡ್ಸಿ ಮೇಡಂ" ಎನ್ನುತ್ತಿದ್ದರು. ಮೂಲೆಯಲ್ಲಿ ಜಲ್ಲಿ ಸುರಿದಿತ್ತು. ಅಲ್ಲಿ ಬಿದ್ದರೆ ಮಂಡಿಚಿಪ್ಪೇ ಹೋಗಬೇಕು!

ಹುಡುಗಿ ಮನೆಗೆ ಹೋಗಿ, ಶಾಲೆಯಲ್ಲಿ ನಮಗೊಂದು ಅಂಕಣ ಕೊಡುತ್ತಿಲ್ಲ ಎಂದು ಅತ್ತಳಂತೆ. ಮಾರನೆಯ ಬೆಳಿಗ್ಗೆ ಅವಳ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೇಬಿಟ್ಟರು. ಅಂಕಣವೆಂದರೆ ಅವರಿಗೆ ಮನೆಯ ಎರಡು ಕಂಬಗಳ ನಡುವಿನ ಜಾಗ.

"ನಾನು ಮದ್ವೆಯಾಗಿ ಬಂದಾಗ ನಮ್ದು ಎರಡಂಕಣದ ಮನೆ ಮೇಷ್ಟ್ರೇ. ಗೇಣಿ ಮಾಡ್ತಿದ್ವಿ. ಇನ್ನೊಂದು ಅಂಕಣ ಎಳೀತೀವಿ ಅಂದ್ರೆ ಒಡೇರು ಬಿಡ್ಲಿಲ್ಲ. ಬಾಣಂತನಾನೂ ಕೊಟ್ಟಿಗೆ ಪಕ್ಕದಲ್ಲೇ ಆಯ್ತು. ಈಗ ಮೊಮ್ಮಗ್ಳಿಗೂ ಇಲ್ಲ ಅಂದ್ರೆ ಎಂತಕ್ಕೆ?"

ಹೆಡ್‌ಮಾಸ್ಟರಿಗೆ ನಗು ತಡೆಯಲಾಗಲಿಲ್ಲ. "ಅಜ್ಜೀ, ಅದು ಮನೆಯಲ್ಲ, ಕಬಡ್ಡಿ ಆಡೋ ಜಾಗ. ನೆಲದ ಮೇಲೆ ಸುಣ್ಣದ ಗೆರೆ ಅಷ್ಟೇ. ಗೋಡೆನೂ ಇಲ್ಲ, ಮಾಡೂ ಇಲ್ಲ."

ಅಜ್ಜಿ ನಗಲಿಲ್ಲ. "ಬರೀ ಗೆರೆ ಎಳ್ಯಕ್ಕೆ ಇಷ್ಟು ಕಷ್ಟವಾ ನಿಮ್ಗೆ?"

ಇಷ್ಟು ದಿನ ನಾನು ಹೇಳಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು. ಆ ಮುದುಕಿಯನ್ನು ಅಲ್ಲೇ ಅಪ್ಪಿಕೊಳ್ಳಬೇಕೆನಿಸಿತು. ಕೊನೆಗೆ ಹೆಡ್‌ಮಾಸ್ಟರು ನನ್ನ ಮುಖ ನೋಡದೆ, "ನಡುವೆಯೇ ಹಾಕ್ಸಿ ಮೇಡಂ" ಎಂದರು.

ಮಧ್ಯಾಹ್ನ ಹುಡುಗಿಯರೇ ಹಗ್ಗ ಹಿಡಿದು ಸುಣ್ಣ ಎಳೆದರು. ಹುಡುಗರು ಗೊಣಗುತ್ತಲೇ ಸ್ಟಂಪು ಕಿತ್ತು ಆಚೆ ನೆಟ್ಟುಕೊಂಡರು. ಅಭ್ಯಾಸ ಶುರುವಾಗಿತ್ತಷ್ಟೇ, ಕ್ರಿಕೆಟ್ ಚೆಂಡು ಉರುಳಿ ಅಂಕಣದೊಳಗೆ ಬಂತು. ಯಾರೂ ಎತ್ತಿ ಕೊಡಲಿಲ್ಲ. ಯಾವತ್ತೂ ನುಗ್ಗಿಬರುವ ಹುಡುಗರ ಕ್ಯಾಪ್ಟನ್ನು ಬಿಳಿ ಗೆರೆಯ ಹತ್ತಿರ ಬಂದು ನಿಂತ.

"ಬಾಲ್ ತಗಳ್ಲಾ?"

ನಮ್ಮ ಹುಡುಗಿ ಸೊಂಟದ ಮೇಲೆ ಕೈಯಿಟ್ಟಳು. "ತಗ. ಚಪ್ಲಿ ಬಿಟ್ಟು ಒಳಗ್ ಬಾ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.