ದೇವರಾದ ತೋಟಾಗಳು

ಕರಿಮದ್ದಿನ ರೈಫಲ್‌ನಲ್ಲಿ ಗುರಿ ಹೊಡೆದ ಮೇಲೆ ಹಿತ್ತಾಳೆಯ ಖಾಲಿ ತೋಟಾಗಳನ್ನು ಅಂದೇ ತೊಳೆಯಬೇಕು, ಇಲ್ಲದಿದ್ದರೆ ಮಸಿ ಹಿತ್ತಾಳೆಯನ್ನೇ ತಿನ್ನುತ್ತದೆ. ಭಾನುವಾರದ ಸ್ಪರ್ಧೆಗೆ ಅವನ್ನೇ ಮತ್ತೆ ತುಂಬಬೇಕಿತ್ತು. ಶನಿವಾರ ಅಭ್ಯಾಸ ಮುಗಿಸಿ ಬರುವಾಗ ಸಾಸ್ವೆಹಳ್ಳಿಯಲ್ಲಿ ಬೈಕ್ ನಿಲ್ಲಿಸಿ, ಬಾಗಿಲಲ್ಲಿ ಕೂತಿದ್ದ ಅಜ್ಜಿಯೊಬ್ಬರನ್ನು ಹಿತ್ತಾಳೆ ತೊಳೆಯಲು ಹುಣಸೆಹಣ್ಣು ಕೇಳಿದೆ. ತೋಟಾ ಎಂದರೆ ಹೆದರಿಯಾರೆಂದು, "ದೇವರ ಸಾಮಾನು ಅಜ್ಜಿ" ಎಂದುಬಿಟ್ಟೆ.

"ಹಂಗಾದ್ರೆ ನಾನೇ ತೊಳೀತೀನಿ, ಇಲ್ಲಿ ತಾರಪ್ಪ."

ಫಳಫಳ ತೊಳೆದು, ಒಂದೊಂದಕ್ಕೂ ವಿಭೂತಿ ಹಚ್ಚಿ, ದೇವರ ಜಗಲಿ ಮೇಲೆ ಸಾಲಾಗಿ ಕೂರಿಸಿದರು. "ಸೋಮವಾರ ಪೂಜೆ ಆಗೋತನಕ ಮುಟ್ಟಂಗಿಲ್ಲ."

"ಅಯ್ಯೋ ಅಜ್ಜಿ, ನಾಳೇನೇ ಬೇಕು!"

"ದೇವ್ರಿಗೆ ಅವಸರ ಮಾಡಾಕೆ ಬರಲ್ಲಪ್ಪ."

ಸ್ಪರ್ಧೆ ತಪ್ಪಿತು. ಸೋಮವಾರ ಹೋದಾಗ ಅಜ್ಜಿ ಪ್ರಸಾದ ಕೊಟ್ಟು ನಕ್ಕರು: "ನಮ್ಮ ಯಜಮಾನ್ರ ಕೋವಿಗೂ ಇಂಥ ದೇವ್ರೇ ಇದ್ವು, ತಮ್ಮಾ."

ನನಗೆ ಮೊದಲ ಬಹುಮಾನ ಬಂತೆಂದೇ ಗೆಳೆಯರಿಗೆ ಹೇಳಿದ್ದೇನೆ. ಕೇಳಿದರೆ ನೀವೂ ಹಾಗೇ ಹೇಳಿ.