ಹೊಸ ಕಾರ್ಡಿನ ನಂಬರು ಕೊಟ್ಟವರು ಯಾರು

ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ಕತ್ತರಿಯ ಚಟ ಅಂಟಿಕೊಳ್ಳುತ್ತದೆ. ಗಿರಾಕಿ ಖಾತೆ ಮುಚ್ಚಿದರೆ ಉಳಿದ ಚೆಕ್ ಹಾಳೆ ಹರಿಯಬೇಕು, ಪಾಸ್‌ಬುಕ್ಕಿನ ಮೂಲೆ ಕತ್ತರಿಸಬೇಕು. ಕತ್ತರಿ ಆಡಿದ ಮೇಲೆ ಆ ವಿಷಯ ಮುಗಿಯಿತು, ನಿಶ್ಚಿಂತೆಯಿಂದ ಊಟಕ್ಕೆ ಏಳಬಹುದು. ವರ್ಗವಾಗಿ ನಾಸಿಕಕ್ಕೆ ಬಂದಾಗ ಈ ಚಟವೂ ಧಾರವಾಡದಿಂದ ನನ್ನ ಸಂಗಡ ಬಂತು. ಹಾಗಾಗಿ ನನ್ನ ಕ್ರೆಡಿಟ್ ಕಾರ್ಡಿನ ಅವಧಿ ಮುಗಿದಾಗ ಅದನ್ನು ನಾಲ್ಕು ತುಂಡು ಮಾಡಿ, ಒಂದೊಂದು ತುಂಡನ್ನು ಒಂದೊಂದು ದಿನದ ಕಸಕ್ಕೆ ಹಾಕಿದೆ. ಅಷ್ಟು ಜಾಗರೂಕ ಮನುಷ್ಯ ನಾನು.

ಆ ಕಾರ್ಡಿನ ಮೇಲೆ ಒಂದೇ ಒಂದು ಚಂದಾ ನಡೆದಿತ್ತು. ಮಗಳು ಹತ್ತನೆಯ ತರಗತಿಯಲ್ಲಿದ್ದಾಗ, ಚಿತ್ರ ಬರೆಯಲು ಕಲಿಸುವ ಹೊರದೇಶದ ವೆಬ್‌ಸೈಟೊಂದಕ್ಕೆ ಹಟ ಹಿಡಿದು ಸೇರಿದ್ದಳು. ತಿಂಗಳಿಗೊಮ್ಮೆ ದುಡ್ಡು ತಾನಾಗಿಯೇ ಹೋಗುತ್ತಿತ್ತು. ಮುಂದೆ ಅವಳು ಸಂಭಾಜಿನಗರದ ಕಾಲೇಜು ಸೇರಿದಳು. ಆಗ ನಾವೆಲ್ಲ ಔರಂಗಾಬಾದ ಎನ್ನುತ್ತಿದ್ದೆವು. "ಈಗ ಟೈಮ್ ಸಿಗಂಗಿಲ್ಲಪಾ, ಅದನ್ನ ಬಂದ್ ಮಾಡು" ಎಂದಳು. ವೆಬ್‌ಸೈಟಿಗೆ ಹೋಗಿ ಬಂದ್ ಮಾಡುವ ಗೋಜಿಗೆ ನಾನು ಹೋಗಲಿಲ್ಲ. ಕಾರ್ಡೇ ಸಾಯುವುದರಲ್ಲಿತ್ತಲ್ಲ!

ದೀಪಾವಳಿ ರಜೆಗೆ ಅವಳು ಬಂದಿದ್ದಾಗಲೇ ಹೊಸ ಕಾರ್ಡು ಬಂತು. ಲಕೋಟೆ ಒಡೆದವಳು ಅವಳೇ. ನಂಬರು ಪೂರ್ತಿ ಬೇರೆ. ನಾನು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ, ಎಲ್ಲಿಯೂ ಬಳಸಲಿಲ್ಲ. ಮರುತಿಂಗಳ ಸ್ಟೇಟ್‌ಮೆಂಟ್ ನೋಡಿದರೆ ಅದೇ ಚಿತ್ರದ ಕಂಪನಿ, ಅದೇ ದುಡ್ಡು, ಹೊಸ ಕಾರ್ಡಿನಿಂದ!

ನನ್ನ ತಲೆ ಕೆಟ್ಟುಹೋಯಿತು. ಕಪಾಟು ತೆಗೆದು ನೋಡಿದೆ, ಕಾರ್ಡು ಇಟ್ಟಲ್ಲೇ ಇತ್ತು. ಹದಿನಾರು ಅಂಕಿಗಳನ್ನು ಆ ಕಂಪನಿಯವರಿಗೆ ಹೇಳಿದವರು ಯಾರು? ಕಾರ್ಡು ನೋಡಿದವರು ಇಬ್ಬರೇ, ನಾನು ಮತ್ತು ಮಗಳು. ನಾನಂತೂ ಹೇಳಿಲ್ಲ. ಎರಡು ದಿನ ಹೇಗೆ ತಿರುಗಿಸಿ ನೋಡಿದರೂ ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತಿತ್ತು. "ಮಗಳನ್ನ ಪೊಲೀಸರಂಗ ಕೇಳಲಿಕ್ಕೆ ಹೋಗಬ್ಯಾಡ್ರಿ" ಎಂದು ಹೆಂಡತಿ ಹೇಳಿದಳು. ಅವಳ ಮಾತನ್ನು ಕೇಳುವವನು ಯಾರು? ಭಾನುವಾರ ಬೆಳಿಗ್ಗೆ ಮಗಳ ಕಾಲೇಜಿನ ಊರಿಗೆ ಬಸ್ಸು ಹತ್ತಿದೆ. ಯೇವಲಾ ದಾಟಿ ವೈಜಾಪುರ ಬರುವವರೆಗೂ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಅವಳ ಊರಿನ ಬಸ್‌ಸ್ಟ್ಯಾಂಡಿನ ಹತ್ತಿರ ಕುಂದಾಪುರದವರ ಹೋಟೆಲಿನಲ್ಲಿ ನಾನೂ ಮಗಳೂ ಕೂತೆವು. ಇಲ್ಲಿ ಒಂದು ಮಾತು ಹೇಳಬೇಕು. ಮಗಳು ಬೆಳೆದದ್ದು ನಾಸಿಕದಲ್ಲಿ. ಗೆಳತಿಯರ ಜೊತೆ ಮರಾಠಿ, ಅಮ್ಮನ ಜೊತೆ ಎರಡೂ ಕಲಸಿದ ಭಾಷೆ. ನನ್ನ ಜೊತೆ ಮಾತ್ರ ತಡವರಿಸಿಕೊಂಡಾದರೂ ಕನ್ನಡವನ್ನೇ ಆಡುತ್ತಿದ್ದಳು. ಅದು ನನಗೆ ಇಷ್ಟವೆಂದು.

"ಹೊಸ ಕಾರ್ಡಿನ ನಂಬರ್ ಅವರಿಗೆ ಕೊಟ್ಟೀಯೇನು?"

"ಇಲ್ಲಪಾ."

"ಮತ್ತ ಯಾರು ಕೊಟ್ಟರು? ಕಾರ್ಡ್ ತಾನ ನಡಕೊಂತ ಹೋತೇನು?"

"ನಂಗೇನು ಗೊತ್ತು? ನಾ ಕೊಟ್ಟಿಲ್ಲ."

"ಖರೇ ಹೇಳು. ನಾ ಬೈಯಂಗಿಲ್ಲ."

ದೋಸೆ ಮುರಿಯುತ್ತಿದ್ದ ಅವಳ ಕೈ ನಿಂತಿತು. "ಮೀ ಖೋಟಂ ಬೋಲತ್ ನಾಹೀ" ಎಂದಳು. ನಾನು ಸುಳ್ಳು ಹೇಳುತ್ತಿಲ್ಲ ಎಂದು, ಮರಾಠಿಯಲ್ಲಿ. ನಾನು ಆಗಲೂ ನಂಬಲಿಲ್ಲ. ದೋಸೆ ಅರ್ಧಕ್ಕೇ ಬಿಟ್ಟು ಎದ್ದುಹೋದಳು.

ಆಮೇಲೆ ಅವಳ ಫೋನು ಬರುತ್ತಿದ್ದುದು ಅಮ್ಮನಿಗೆ ಮಾತ್ರ. ಮುಂದಿನ ತಿಂಗಳು ಮತ್ತೆ ದುಡ್ಡು ಹೋಯಿತು. ಮೊದಲೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆ. ನಮ್ಮದೇ ಬ್ಯಾಂಕಿನ ಕಾರ್ಡ್ ವಿಭಾಗಕ್ಕೆ ಫೋನು ಹಚ್ಚಿದೆ. ಆ ಕಡೆಯ ಹೆಣ್ಣುಮಗಳು ಹಿಂದಿಯಲ್ಲಿ ತಣ್ಣಗೆ ವಿವರಿಸಿದಳು: ಹಳೆಯ ಕಾರ್ಡಿನ ಅವಧಿ ಮುಗಿದು ಹೊಸದು ಬಂದರೆ, ಚಂದಾ ನಡೆಯುತ್ತಿರುವ ಕಂಪನಿಗೆ ಹೊಸ ನಂಬರು ತಾನಾಗಿಯೇ ತಲುಪುತ್ತದೆ. ಚಂದಾ ನಿಲ್ಲಬೇಕಾದರೆ ಆ ಕಂಪನಿಗೇ ಹೇಳಬೇಕು. ಇದೆಲ್ಲ ಗ್ರಾಹಕರ ಅನುಕೂಲಕ್ಕಾಗಿ. "ಅರ್ಜಿಯಲ್ಲೇ ಇದೆ ಸರ್, ನೀವೇ ಸಹಿ ಮಾಡಿದ್ದೀರಿ."

ಮಾಡಿದ್ದೆ. ಪಕ್ಕದ ಮೇಜಿನವರು ಪೆನ್ಸಿಲಿನಿಂದ ಗುರುತು ಹಾಕಿಕೊಟ್ಟ ಕಡೆಯಲ್ಲೆಲ್ಲ, ಒಂದಕ್ಷರವೂ ಓದದೆ. ನಾನೂ ದಿನವಿಡೀ ಗಿರಾಕಿಗಳಿಗೆ ಹಾಗೇ ಗುರುತು ಹಾಕಿಕೊಡುತ್ತಿದ್ದೆನಲ್ಲ. ಹಾಗಾದರೆ ನಾನು ನಾಲ್ಕು ತುಂಡು ಮಾಡಿದ್ದಾದರೂ ಏನನ್ನು? ಇವತ್ತಿಗೂ ನನಗೆ ಸರಿಯಾಗಿ ತಿಳಿದಿಲ್ಲ.

ಆ ಸಂಜೆಯೇ ಮಗಳಿಗೆ ಫೋನು ಮಾಡಿ, ನಾಚಿಕೆ ಬಿಟ್ಟು ಎಲ್ಲ ಹೇಳಿದೆ. "ತಪ್ಪಾತವ್ವಾ. ಕಾರ್ಡ್ ವಿಭಾಗದಾಕಿ ಹೇಳಿದ ಮ್ಯಾಲೆ ತಿಳೀತು."

ಅವಳು ಒಮ್ಮೆಯೂ ತಡವರಿಸದೆ, ಅಚ್ಚ ಕನ್ನಡದಲ್ಲಿ, "ನಾ ಹೇಳಿದ್ದು ನಿನಗ ಸಾಲಲಿಲ್ಲ. ಆಕಿ ಹೇಳಿದ್ದು ಸಾಕಾತು" ಎಂದಳು.

ಆ ಚಂದಾ ಬಂದ್ ಮಾಡುವುದು ಹೇಗೆ ಎಂದಷ್ಟೇ ಕೇಳಿದೆ. ಯಾವ ಪುಟ ತೆರೆಯಬೇಕು, ಎಲ್ಲಿ ಒತ್ತಬೇಕು, ಒಂದೊಂದಾಗಿ ತಾಳ್ಮೆಯಿಂದ ಹೇಳಿಕೊಟ್ಟಳು. ಮರಾಠಿಯಲ್ಲಿ.